ವೈಮಾರ್ ಗಣರಾಜ್ಯದಲ್ಲಿ ಮತದಾರರ ಮುನಿಸು

ರಾಜ್ಯವೊಂದು ಕುಸಿದುಬಿದ್ದ ದಿನವನ್ನು ಗುರುತಿಸುವುದು ಸುಲಭ. ಅದರ ತಳಪಾಯದಿಂದ ಮೊದಲನೆಯ ಕಲ್ಲು ಜಾರಿದ ದಿನವನ್ನು ಗುರುತಿಸುವುದು ಕಷ್ಟ. ಜರ್ಮನಿಯ ವೈಮಾರ್ ಗಣರಾಜ್ಯವು 1933ನೆಯ ಇಸವಿ ಜನವರಿ 30ರಂದು, ಹಿಟ್ಲರನಿಗೆ ಪ್ರಧಾನಿಯ ಪದವಿ ದೊರೆತಾಗ, ಅಳಿವಿನ ದಾರಿಯನ್ನು ಹಿಡಿಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಅದಕ್ಕೆ ಕಾರಣವೇನೆಂದು ಕೇಳಿದರೆ ಯುದ್ಧದಲ್ಲಿ ಸೋತ ಅವಮಾನವನ್ನೂ, ವರ್ಸೇಲ್ಸ್ ಒಪ್ಪಂದವನ್ನೂ, 1929ರಲ್ಲಿ ಮೊದಲಾದ ಆರ್ಥಿಕ ಮುಗ್ಗಟ್ಟನ್ನೂ ಹೇಳುವುದು ವಾಡಿಕೆ. ಇವು ಯಾವುವೂ ಸುಳ್ಳಲ್ಲ. ಆದರೆ ಆ ಕಾಲದ ಚುನಾವಣೆಗಳ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನಿಧಾನವಾಗಿ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಮಧ್ಯಮವರ್ಗದ ಮತದಾರರು ತಮ್ಮ ಹಳೆಯ ಪಕ್ಷಗಳನ್ನು ತೊರೆಯತೊಡಗಿದ್ದು ಮುಗ್ಗಟ್ಟು ಬಂದ ಮೇಲಲ್ಲ, ಅದಕ್ಕೆ ಮುಂಚೆ. ತೊರೆದವರು ನೇರವಾಗಿ ಹಿಟ್ಲರನ ಬಳಿಗೂ ಹೋಗಲಿಲ್ಲ. ಮೊದಲು ಹತ್ತಾರು ಸಣ್ಣ ಪಕ್ಷಗಳ ಬಾಗಿಲನ್ನು ತಟ್ಟಿದರು. ಆ ಸದ್ದು ದೊಡ್ಡ ಪಕ್ಷಗಳ ಮುಖಂಡರ ಕಿವಿಗೆ ಬೀಳಲಿಲ್ಲ.

1919ರ ಜನವರಿ 19ರಂದು ನಡೆದ ಚುನಾವಣೆಯಲ್ಲಿ ಇಪ್ಪತ್ತು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತವಿತ್ತು. ಗಣರಾಜ್ಯವನ್ನು ಕಟ್ಟಿದ ಮೂರು ಪಕ್ಷಗಳು, ಎಂದರೆ ಸಮಾಜವಾದಿ ಪ್ರಜಾಪಕ್ಷ, ಕ್ಯಾಥೊಲಿಕರ ಕೇಂದ್ರಪಕ್ಷ, ಉದಾರವಾದಿಗಳ ಪ್ರಜಾಪ್ರಭುತ್ವ ಪಕ್ಷ, ಇವು ಮೂರೂ ಕೂಡಿ ಅಂದು ನೂರಕ್ಕೆ 76 ಮತಗಳನ್ನು ಪಡೆದುವು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1920ರ ಜೂನ್ ತಿಂಗಳಿನಲ್ಲಿ, ಅದು ಅರ್ಧಕ್ಕಿಂತ ಕಡಮೆಯಾಯಿತು. ಮತ್ತೆಂದೂ ಆ ಮೂರಕ್ಕೆ ಬಹುಮತ ಸಿಕ್ಕಲಿಲ್ಲ. ಅಂದಿನ ಚುನಾವಣೆಯ ಕ್ರಮವನ್ನೂ ಇಲ್ಲಿ ತಿಳಿದಿರಬೇಕು. 1920ರ ಕಾನೂನಿನಂತೆ ಪ್ರತಿ 60,000 ಮತಗಳಿಗೆ ರೈಖ್‌ಸ್ಟಾಗ್ ಎಂಬ ಪ್ರತಿನಿಧಿ ಸಭೆಯಲ್ಲಿ ಒಂದು ಸ್ಥಾನ. ದೇಶವೆಲ್ಲ ಸೇರಿ 35 ಕ್ಷೇತ್ರಗಳು ಮಾತ್ರ. ಮತದಾರನು ಮತವನ್ನು ಕೊಡುತ್ತಿದ್ದುದು ಒಬ್ಬ ವ್ಯಕ್ತಿಗಲ್ಲ, ಪಕ್ಷದ ಕಚೇರಿಯಲ್ಲಿ ಸಿದ್ಧವಾದ ಪಟ್ಟಿಗೆ. ಎಣಿಕೆಯ ದೃಷ್ಟಿಯಿಂದ ಇದು ಬಹು ನ್ಯಾಯವಾದ ಏರ್ಪಾಡು. ಒಂದು ಮತವೂ ವ್ಯರ್ಥವಾಗದು. ಆದರೆ ಊರಿನವರು ತಡೆದು ನಿಲ್ಲಿಸಿ, "ಸ್ವಾಮಿ, ನಮ್ಮ ಮಾತೇನಾಯಿತು?" ಎಂದು ಕೇಳಬಹುದಾದ ಪ್ರತಿನಿಧಿ ಆ ಏರ್ಪಾಡಿನಲ್ಲಿ ಇರಲಿಲ್ಲ.

ಕೇಳಬೇಕಾದ ಮಾತು ಬೇಗನೆ ಬಂದೊದಗಿತು. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸರ್ಕಾರವು ಪ್ರಜೆಗಳಿಂದ ಒಂಬತ್ತು ಸಲ ಸಾಲವೆತ್ತಿತ್ತು. ಶಾಲೆಯ ಉಪಾಧ್ಯಾಯರು, ವಿಶ್ರಾಂತಿವೇತನದ ನೌಕರರು, ವಿಧವೆಯರು, ಸಣ್ಣ ವ್ಯಾಪಾರಿಗಳು ತಮ್ಮ ಇಡುಗಂಟನ್ನು ದೇಶಭಕ್ತಿಯಿಂದ ಅದಕ್ಕೆ ಕೊಟ್ಟಿದ್ದರು. ಬೇರೆ ಕೆಲವರು ಹಣವನ್ನು ಉಳಿತಾಯದ ಬ್ಯಾಂಕಿನಲ್ಲಿಟ್ಟಿದ್ದರು, ಇಲ್ಲವೆ ಮನೆ ಜಮೀನುಗಳ ಆಧಾರದ ಮೇಲೆ ಸಾಲ ಕೊಟ್ಟು ಬಡ್ಡಿಯಿಂದ ಜೀವಿಸುತ್ತಿದ್ದರು. ಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4.2 ಮಾರ್ಕು ಬೆಲೆಯಿತ್ತು. 1923ರ ನವೆಂಬರಿನಲ್ಲಿ ಅದೇ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು. ಆ ತಿಂಗಳು ಹೊಸ ನಾಣ್ಯವನ್ನು ಹೊರಡಿಸಿದಾಗ ಹಳೆಯ ಒಂದು ಲಕ್ಷ ಕೋಟಿ ಮಾರ್ಕಿಗೆ ಹೊಸ ಮಾರ್ಕು ಒಂದು ಎಂದು ಗೊತ್ತುಮಾಡಿದರು. ಮೂವತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಗಂಟಿನಿಂದ ಒಂದು ತುಂಡು ರೊಟ್ಟಿಯೂ ಬಾರದಂತಾಯಿತು. ಸಾಲ ಮಾಡಿದವರು ಕಾಗದದ ಹಣವನ್ನು ಕೊಟ್ಟು ಋಣಮುಕ್ತರಾದರು. ಅಂಥ ಸಾಲಗಾರರಲ್ಲಿ ಎಲ್ಲರಿಗಿಂತ ದೊಡ್ಡದು ಸರ್ಕಾರವೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಆದರೂ ಉಳಿತಾಯಗಾರರು ಒಡನೆ ಗಣರಾಜ್ಯಕ್ಕೆ ವಿಮುಖರಾಗಲಿಲ್ಲ. ಮೊದಲು ನ್ಯಾಯಾಲಯಕ್ಕೆ ಹೋದರು. 1923ರ ನವೆಂಬರ್ 28ರಂದು ದೇಶದ ಉಚ್ಚ ನ್ಯಾಯಾಲಯವು, ಆಧಾರಸಾಲವನ್ನು ಬೆಲೆಗೆಟ್ಟ ಕಾಗದದಿಂದ ತೀರಿಸುವುದು ಋಜುತ್ವಕ್ಕೂ ವಿಶ್ವಾಸಕ್ಕೂ ಸಲ್ಲದೆಂದು ತೀರ್ಪು ಕೊಟ್ಟಿತು. ಪೂರ್ಣವಾಗಿ ಹಾಗೆ ನಡೆದರೆ ಬೊಕ್ಕಸಕ್ಕೂ ಕೈಗಾರಿಕೆಗಳಿಗೂ ಹೊರಲಾರದ ಭಾರವಾದೀತೆಂದು ಸರ್ಕಾರವು ಹೆದರಿತು. 1924ರ ಫೆಬ್ರವರಿಯಲ್ಲಿ ತುರ್ತಿನ ಶಾಸನವೊಂದನ್ನು ಹೊರಡಿಸಿ, ಇಂಥ ಖಾಸಗಿ ಸಾಲಗಳಿಗೆ ಮೂಲಬೆಲೆಯಲ್ಲಿ ನೂರಕ್ಕೆ 15 ಭಾಗ ಮಾತ್ರ ಸಲ್ಲುವುದೆಂದು ಕಟ್ಟುಮಾಡಿತು.

ಇಲ್ಲಿ ರಾಷ್ಟ್ರೀಯ ಜನಪಕ್ಷವು ಮುಂದೆ ಬಂದಿತು. ಇದು ಹಳೆಯ ಅರಸೊತ್ತಿಗೆಯ ಅಭಿಮಾನಿಗಳೂ ಭೂಮಾಲಿಕರೂ ಕೂಡಿದ ಸಂಪ್ರದಾಯಸ್ಥರ ಪಕ್ಷ. 1924ರ ಎರಡು ಚುನಾವಣೆಗಳಲ್ಲಿಯೂ ಇದು ಉಳಿತಾಯಗಾರರಿಗೆ ಹೆಚ್ಚಿನ ನ್ಯಾಯವನ್ನು ದೊರಕಿಸುವುದಾಗಿ ಮಾತು ಕೊಟ್ಟಿತು. ಡಾರ್ಮ್‌ಸ್ಟಾಟಿನ ಹಿರಿಯ ನ್ಯಾಯಾಧೀಶರಾಗಿದ್ದು ಮೌಲ್ಯಸ್ಥಾಪನೆಯ ಚಳವಳಿಯಲ್ಲಿ ಹೆಸರಾಗಿದ್ದ ಗೇಯಾರ್ಗ್ ಬೆಸ್ಟರು ಆ ಪಕ್ಷದಿಂದಲೇ ಸಭೆಗೆ ಆಯ್ಕೆಯಾದರು. ಡಿಸೆಂಬರಿನ ಚುನಾವಣೆಯಲ್ಲಿ ಪಕ್ಷವು ನೂರಕ್ಕೆ 20.5 ಮತಗಳನ್ನೂ 103 ಸ್ಥಾನಗಳನ್ನೂ ಪಡೆಯಿತು. 1925ರ ಜನವರಿಯಲ್ಲಿ ಮಂತ್ರಿಮಂಡಲವನ್ನೂ ಸೇರಿತು. ಜುಲೈ ತಿಂಗಳಿನಲ್ಲಿ ಕಾನೂನು ಬಂದಿತು. ಆಧಾರಸಾಲಗಳಿಗೆ ನೂರಕ್ಕೆ 25. ಸರ್ಕಾರದ ಸಾಲಪತ್ರಗಳಿಗೆ ನೂರಕ್ಕೆ ಎರಡೂವರೆ. ಮಾತು ಕೊಟ್ಟ ಪಕ್ಷವೇ ಇದಕ್ಕೆ ಕೈಯೆತ್ತಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಬೆಸ್ಟರು ಪಕ್ಷವನ್ನು ಬಿಟ್ಟು ಹೊರಬಂದರು.

ಸರ್ಕಾರದ ಕಡೆಗೂ ಒಂದು ನ್ಯಾಯವಿತ್ತೆಂಬುದನ್ನು ಮರೆಯಬಾರದು. ಸೋತು ಬಳಲಿದ ದೇಶ, ಪರಿಹಾರಧನದ ಹೊರೆ, ಬರಿದಾದ ಬೊಕ್ಕಸ: ಇವುಗಳ ನಡುವೆ ಪೂರ್ಣ ಮೌಲ್ಯವನ್ನು ಹಿಂದಕ್ಕೆ ಕೊಡುವುದು ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ. ಹಾಗೆಂದು ಚುನಾವಣೆಗೆ ಮುಂಚೆ ಹೇಳಿದ್ದರೆ ಮತಗಳು ಕಡಮೆಯಾಗುತ್ತಿದ್ದವು, ನಂಬಿಕೆ ಉಳಿಯುತ್ತಿತ್ತು. ಆಗದ ಕೆಲಸವನ್ನು ಆಗುವುದೆಂದು ಹೇಳಿ ಮತ ಪಡೆದುದೇ ತಪ್ಪಿನ ಬುಡ. ಹಣ ಹೋದ ದುಃಖವನ್ನು ಜನ ಸಹಿಸಿಯಾರು. ಎರಡನೆಯ ಸಲವೂ ತಮ್ಮನ್ನು ಮೋಸಗೊಳಿಸಿದರೆಂಬ ಕಿಚ್ಚು ಬೇಗ ಆರುವಂಥದಲ್ಲ.

ಈ ಕಿಚ್ಚಿನಿಂದ 1926ರಲ್ಲಿ "ಜನಹಕ್ಕು ಮತ್ತು ಮೌಲ್ಯಸ್ಥಾಪನೆ"ಯ ಹೆಸರಿನ ಪಕ್ಷವೊಂದು ಹುಟ್ಟಿತು. ಹರ್ಮನ್ ಡ್ರೆವಿಟ್ಸ್ ಎಂಬ ರೊಟ್ಟಿ ಸುಡುವ ಕಸಬಿನ ಯಜಮಾನನ ಮುಖಂಡತ್ವದಲ್ಲಿ, ಬಾಡಿಗೆಯ ಕಟ್ಟುಪಾಡಿನಿಂದ ಬೇಸತ್ತ ಮನೆಯೊಡೆಯರೂ ಅಂಗಡಿಕಾರರೂ ಕೂಡಿದ ಆರ್ಥಿಕ ಪಕ್ಷವು ಅಷ್ಟರಲ್ಲಿ ಬೆಳೆದಿತ್ತು. ರೈತರದೂ ಬೇರೆ ಪಕ್ಷಗಳಾದುವು. 1928ರ ಮೇ 20ರ ಚುನಾವಣೆಯಲ್ಲಿ ಮೌಲ್ಯಸ್ಥಾಪನೆಯ ಪಕ್ಷಕ್ಕೆ ಎರಡು ಸ್ಥಾನಗಳೂ ಆರ್ಥಿಕ ಪಕ್ಷಕ್ಕೆ 23 ಸ್ಥಾನಗಳೂ ದೊರೆತುವು. ಇಂಥ ಚಿಲ್ಲರೆ ಪಕ್ಷಗಳೆಲ್ಲ ಸೇರಿ ಪಡೆದ ಮತ ನೂರಕ್ಕೆ ಸುಮಾರು 14. ದೇಶದ ಎರಡು ಉದಾರವಾದಿ ಪಕ್ಷಗಳಾದ ಪ್ರಜಾಪ್ರಭುತ್ವ ಪಕ್ಷ, ಜರ್ಮನ್ ಜನಪಕ್ಷ, ಇವೆರಡೂ ಕೂಡಿ ಪಡೆದುದು ಅದಕ್ಕಿಂತ ಹೆಚ್ಚಲ್ಲ. 1920ರಲ್ಲಿ ಇದೇ ಎರಡು ಪಕ್ಷಗಳಿಗೆ ನೂರಕ್ಕೆ 22 ಮತಗಳಿದ್ದುವು. ಮಾತಿಗೆ ತಪ್ಪಿದ ರಾಷ್ಟ್ರೀಯ ಜನಪಕ್ಷವು 103ರಿಂದ 73 ಸ್ಥಾನಗಳಿಗೆ ಇಳಿಯಿತು.

ಇಷ್ಟಾದರೂ ಅಂದು ಗಾಬರಿಪಟ್ಟವರು ಕಡಮೆ. ಸಮಾಜವಾದಿ ಪ್ರಜಾಪಕ್ಷಕ್ಕೆ 153 ಸ್ಥಾನಗಳು ಬಂದಿದ್ದುವು. ಹಿಟ್ಲರನ ನಾಜಿ ಪಕ್ಷಕ್ಕೆ ನೂರಕ್ಕೆ 2.6 ಮತ, 12 ಸ್ಥಾನ. ಗಣರಾಜ್ಯವು ನೆಲೆ ನಿಂತಿತೆಂದು ಅದರ ಮಿತ್ರರು ನೆಮ್ಮದಿಗೊಂಡರು. ರೊಟ್ಟಿ ಮಾರುವವರ ಪಕ್ಷ, ಬಡ್ಡಿ ಕಳೆದುಕೊಂಡವರ ಪಕ್ಷ ಎಂದು ಸಣ್ಣ ಪಕ್ಷಗಳನ್ನು ನೋಡಿ ನಗುವುದು ಸುಲಭವಾಗಿತ್ತು. ತಂದೆಯ ಕಾಲದಿಂದ ಒಂದೇ ಪಕ್ಷಕ್ಕೆ ಮತ ಕೊಡುತ್ತ ಬಂದ ಗೃಹಸ್ಥನು ಒಂದು ಸಲ ಆ ಹೊಸಿಲನ್ನು ದಾಟಿದರೆ, ಎರಡನೆಯ ಸಲ ಇನ್ನೂ ದೂರ ಹೋಗುವುದಕ್ಕೆ ಅವನಿಗೆ ಅಳುಕು ಇರುವುದಿಲ್ಲವೆಂಬುದನ್ನು ಯಾರೂ ಯೋಚಿಸಲಿಲ್ಲ. ಇಬ್ಬರೇ ಪ್ರತಿನಿಧಿಗಳಿಂದ ತಾನು ಕಳೆದುಕೊಂಡುದು ಹಿಂದಕ್ಕೆ ಬಾರದೆಂಬುದೂ ಅವನಿಗೆ ಬೇಗನೆ ತಿಳಿಯಿತು.

ಉತ್ತರದ ಷ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತದಲ್ಲಿ ಈ ನಡೆ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ದನ ಹಂದಿಗಳನ್ನು ಸಾಕಿ ಬಾಳುವ ಸ್ವತಂತ್ರ ರೈತರ ನಾಡು ಅದು. 1919ರಲ್ಲಿ ಅಲ್ಲಿಯ ಮತಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಉದಾರವಾದಿಗಳ ಪ್ರಜಾಪ್ರಭುತ್ವ ಪಕ್ಷಕ್ಕೆ ಸಂದಿತ್ತು. ಬೆಲೆ ಇಳಿದು ತೆರಿಗೆ ಏರಿದಾಗ, 1928ರ ಜನವರಿ 28ರಂದು, ಸಾವಿರಾರು ರೈತರು ಊರೂರಿನ ಬೀದಿಗಳಲ್ಲಿ ನೆರೆದರು. ತೆರಿಗೆ ಕೊಡಲೊಲ್ಲದ ಚಳವಳಿಯೊಂದು ಕರಿಯ ಬಾವುಟವನ್ನು ಹಿಡಿದು ಹೊರಟಿತು. ಆ ಪ್ರಾಂತದಲ್ಲಿ ನಾಜಿ ಪಕ್ಷಕ್ಕೆ 1928ರಲ್ಲಿ ನೂರಕ್ಕೆ 4 ಮತ; 1930ರಲ್ಲಿ 27; 1932ರ ಜುಲೈಯಲ್ಲಿ 51. ಕೀಲ್ ನಗರದಲ್ಲಿದ್ದ ರುಡಾಲ್ಫ್ ಹೆಬರ್ಲೆ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಹಳ್ಳಿಹಳ್ಳಿಯ ಅಂಕಿಗಳಿಂದ ಪರಿಶೀಲಿಸಿ ಗ್ರಂಥವನ್ನು ಬರೆದರು. ನಾಜಿ ಆಡಳಿತದಲ್ಲಿ ಅದು ಅಚ್ಚಾಗುವಂತಿರಲಿಲ್ಲ. ಜರ್ಮನಿಯಲ್ಲಿ ಪೂರ್ಣವಾಗಿ ಬೆಳಕು ಕಂಡದ್ದು 1963ರಲ್ಲಿ.

ಈ ನಡುವೆ ದೊಡ್ಡ ಪಕ್ಷಗಳು ಮಾಡಿದುದೇನು? 1930ರ ಮಾರ್ಚ್ 27ರಂದು, ನಿರುದ್ಯೋಗ ವಿಮೆಯ ವಂತಿಗೆಯ ವಿಷಯವಾಗಿ ಒಮ್ಮತಕ್ಕೆ ಬರಲಾರದೆ, ಸಭೆಯಲ್ಲಿ ಬಹುಮತವಿದ್ದ ಕೊನೆಯ ಮಂತ್ರಿಮಂಡಲವು ಬಿದ್ದುಹೋಯಿತು. ಅನಂತರ ಬಂದ ಬ್ರೂನಿಂಗರು ಆಯವ್ಯಯವನ್ನು ಸಭೆ ತಳ್ಳಿಹಾಕಿದಾಗ ರಾಜ್ಯಾಂಗದ 48ನೆಯ ವಿಧಿಯಂತೆ ಅಧ್ಯಕ್ಷರ ಆಜ್ಞೆಯಿಂದ ಅದನ್ನು ಜಾರಿಗೆ ತಂದರು. ಸಭೆ ಆಜ್ಞೆಯನ್ನು ರದ್ದುಮಾಡಲು ಸಭೆಯನ್ನೇ ವಿಸರ್ಜಿಸಿದರು. 1930ರ ಸೆಪ್ಟೆಂಬರ್ 14ರಂದು ನಾಜಿ ಪಕ್ಷಕ್ಕೆ 64 ಲಕ್ಷ ಮತಗಳೂ 107 ಸ್ಥಾನಗಳೂ ಬಂದುವು. 1932ರ ಜುಲೈಯಲ್ಲಿ 230 ಸ್ಥಾನಗಳು. ಪ್ರಜಾಪ್ರಭುತ್ವ ಪಕ್ಷವು ಹೆಸರನ್ನು ಬದಲಾಯಿಸಿಕೊಂಡು ನಿಂತರೂ ನೂರಕ್ಕೆ ಒಂದು ಮತಕ್ಕೆ ಇಳಿಯಿತು. ಸಣ್ಣ ಪಕ್ಷಗಳೂ ಹೆಚ್ಚುಕಡಮೆ ಮಾಯವಾದುವು. ಅವುಗಳಿಗೆ ಹೋಗಿದ್ದ ಮತಗಳಲ್ಲಿ ಬಹುಭಾಗ, ರೈತನಿಗೆ ಬೆಲೆ, ಅಂಗಡಿಯವನಿಗೆ ರಕ್ಷಣೆ, ನಿರುದ್ಯೋಗಿಗೆ ಕೆಲಸ ಎಂದು ಎಲ್ಲರಿಗೂ ಎಲ್ಲವನ್ನೂ ಹೇಳುತ್ತಿದ್ದ, ಎಲ್ಲ ಕಷ್ಟಕ್ಕೂ ಯೆಹೂದ್ಯರೂ ಗಣರಾಜ್ಯದವರೂ ಕಾರಣರೆಂದು ಬೆರಳು ತೋರಿಸುತ್ತಿದ್ದ ಒಂದೇ ಪಕ್ಷದಲ್ಲಿ ಸೇರಿಹೋಯಿತು.

ಮುನಿದವರೆಲ್ಲರೂ ಈ ದಾರಿಯನ್ನು ಹಿಡಿದರೆಂದು ತಿಳಿಯಬಾರದು. ಕ್ಯಾಥೊಲಿಕರ ಕೇಂದ್ರಪಕ್ಷವು 1928ರಲ್ಲಿ ನೂರಕ್ಕೆ 12.1, 1932ರ ಜುಲೈಯಲ್ಲಿ 12.5 ಮತಗಳನ್ನು ಪಡೆಯಿತು. ಬಡತನ ಅದರ ಮತದಾರರನ್ನು ಬಿಟ್ಟಿರಲಿಲ್ಲ. ಆದರೆ ಇಗರ್ಜಿ, ಸಂಘ, ಶಾಲೆ, ಪತ್ರಿಕೆಗಳ ಮೂಲಕ ಆ ಪಕ್ಷವು ಅವರ ನಿತ್ಯಜೀವನದಲ್ಲಿ ಬೆರೆತಿತ್ತು. ಉದಾರವಾದಿಗಳಿಗೆ ಊರಿನಲ್ಲಿ ಗಣ್ಯರ ಸ್ನೇಹವಿತ್ತು. ಚುನಾವಣೆ ಮುಗಿದ ಮೇಲೆ ಅಂಗಡಿಕಾರನ ಕಷ್ಟವನ್ನು ಕೇಳುವ ಮನೆಯೊಂದು ಇರಲಿಲ್ಲ. ಇನ್ನೊಂದು ಸಂಗತಿಯೂ ಸ್ಮರಣೀಯ. ಸ್ವತಂತ್ರವಾದ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಹುಮತ ಎಂದೂ ದೊರೆಯಲಿಲ್ಲ. 1932ರ ನವೆಂಬರಿನಲ್ಲಿ ಅದರ ಸ್ಥಾನಗಳು 196ಕ್ಕೆ ಇಳಿದಿದ್ದುವು. ಇಳಿಯುತ್ತಿದ್ದವನನ್ನು ಕೈಹಿಡಿದು ಅಧಿಕಾರಕ್ಕೇರಿಸಿದವರು ಮತದಾರರಲ್ಲ. ಅಧ್ಯಕ್ಷ ಹಿಂಡೆನ್‌ಬುರ್ಗರೂ, ಹಿಟ್ಲರನನ್ನು ತಾವು ಆಡಿಸಬಹುದೆಂದು ನಂಬಿದ ಪಾಪೆನ್ ಮೊದಲಾದವರೂ.

1933ರ ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರವನ್ನು ಕೊಟ್ಟ ಶಾಸನಕ್ಕೆ 444 ಮಂದಿ ಅನುಮೋದನೆಯಿತ್ತರು. ವಿರೋಧಿಸಿದ 94 ಮಂದಿ ಸಮಾಜವಾದಿ ಪ್ರಜಾಪಕ್ಷದವರು. ಕಮ್ಯುನಿಸ್ಟರನ್ನು ಸಭೆಗೆ ಬರಗೊಡಿಸಲಿಲ್ಲ. ಅಂದು ಉಳಿದಿದ್ದ ಐವರು ಉದಾರವಾದಿಗಳೂ ಅನುಮೋದಿಸಿದರು. 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲನೆಯ ಅಧ್ಯಕ್ಷರಾದ ಥೇಯೊಡೋರ್ ಹಾಯ್ಸರು ಅವರಲ್ಲಿ ಒಬ್ಬರು. 1933ರ ಜುಲೈ 14ರಂದು ನಾಜಿ ಪಕ್ಷವೊಂದನ್ನುಳಿದು ಬೇರೆ ಪಕ್ಷಗಳೇ ಇರಕೂಡದೆಂದು ಕಾನೂನಾಯಿತು. ಉಳಿತಾಯಗಾರನ ಇಡುಗಂಟು ಮರಳಲಿಲ್ಲ. ಹೊಸ ಯುದ್ಧವಾಯಿತು, ಹೊಸ ಸೋಲಾಯಿತು. 1948ರ ಜೂನ್ ತಿಂಗಳಿನಲ್ಲಿ ಪಶ್ಚಿಮದಲ್ಲಿ ನಾಣ್ಯವನ್ನು ಮತ್ತೆ ಬದಲಾಯಿಸಿದಾಗ ಬ್ಯಾಂಕಿನಲ್ಲಿದ್ದ 100 ಹಳೆಯ ಮಾರ್ಕಿಗೆ ಕೊನೆಗೆ ದೊರೆತುದು ಆರೂವರೆ ಹೊಸ ಮಾರ್ಕು.

ಯುದ್ಧಾನಂತರ ಪಶ್ಚಿಮ ಜರ್ಮನಿಯವರು ಈ ಚರಿತ್ರೆಯಿಂದ ಎರಡು ಪಾಠಗಳನ್ನು ಕಲಿತರು. ನೂರಕ್ಕೆ ಐದು ಮತಗಳನ್ನು ಪಡೆಯದ ಪಕ್ಷಕ್ಕೆ ಸಾಮಾನ್ಯವಾಗಿ ಸಭೆಯಲ್ಲಿ ಸ್ಥಾನವಿಲ್ಲವೆಂದು ಕಟ್ಟು ಮಾಡಿದುದು ಒಂದು. ಪಟ್ಟಿಯ ಜತೆಗೆ ಪ್ರತಿ ಕ್ಷೇತ್ರಕ್ಕೂ ತನ್ನವನೆಂದು ಕರೆಯಬಹುದಾದ ಪ್ರತಿನಿಧಿಯನ್ನು ಕೊಟ್ಟುದು ಇನ್ನೊಂದು. ಮೊದಲನೆಯದನ್ನು ಲೋಕವು ಹೆಚ್ಚಾಗಿ ಕೊಂಡಾಡುತ್ತದೆ. ಎರಡನೆಯದರ ಬೆಲೆ ಕಡಮೆಯೇನಲ್ಲ. ಸಣ್ಣ ಪಕ್ಷವು ಹುಟ್ಟಿದಾಗ ಅದಕ್ಕೆ ಬಾಗಿಲು ಮುಚ್ಚುವುದು ಕಾನೂನಿನಿಂದ ಆದೀತು. ಅದನ್ನು ಹುಟ್ಟಿಸಿದ ದೂರನ್ನು ಯಾರಾದರೂ ಕುಳಿತು ಕೇಳಲೇ ಬೇಕು. 1925ರಲ್ಲಿ ಆ ದೂರು ಕೆಲವು ಸಾಲಪತ್ರಗಳ ಲೆಕ್ಕವಾಗಿತ್ತು. ಏಳು ವರ್ಷಗಳ ಮೇಲೆ ಅದು ಒಂದು ರಾಜ್ಯದ ಲೆಕ್ಕವಾಯಿತು.