ಆರ್ನೋ ನದಿಯ ದಡದ ಛತ್ರಿ

ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋದವರು ಅಲ್ಲಿ ನೋಡುವುದೇನೆಂಬುದು ಸುವಿದಿತವಾದುದೇ. ಬ್ರುನೆಲ್ಲೆಸ್ಕಿಯು ಕಟ್ಟಿಸಿ 1436ರಲ್ಲಿ ಮುಗಿಸಿದ ಮಹಾಮಂದಿರದ ಗುಮ್ಮಟ, ಉಫೀಜಿ ಚಿತ್ರಶಾಲೆ, ಅಂಗಡಿಗಳ ಸಾಲನ್ನು ಹೊತ್ತು ಆರ್ನೋ ನದಿಯನ್ನು ದಾಟುವ ಹಳೆಯ ಸೇತುವೆ, ಇವುಗಳ ಕೀರ್ತಿಯನ್ನು ನಾನು ಬೆಳೆಸಬೇಕಾದುದಿಲ್ಲ. ಆದರೆ ಆ ನದಿಯ ಬಲದಂಡೆಯನ್ನೇ ಹಿಡಿದು ಪಶ್ಚಿಮಕ್ಕೆ ನಡೆದರೆ ಕಾಶಿನೆ ಎಂಬ ವಿಶಾಲವಾದ ಉದ್ಯಾನವುಂಟು. ಹಿಂದೆ ಮೆಡಿಚಿ ಪ್ರಭುಗಳಿಗೆ ಸೇರಿದ್ದ ಭೂಮಿ ಅದು. ಅದರ ಕಟ್ಟಕಡೆಯಲ್ಲಿ, ಮುನ್ಯೋನೆ ಎಂಬ ಚಿಕ್ಕ ಹೊಳೆ ಆರ್ನೋವನ್ನು ಕೂಡುವೆಡೆಯಲ್ಲಿ, ಗುಮ್ಮಟದ ಛತ್ರಿಯೊಂದರ ಕೆಳಗೆ ರುಮಾಲು ಸುತ್ತಿದ ತರುಣನೊಬ್ಬನ ಬಣ್ಣದ ಪ್ರತಿಮೆಯಿದೆ.

ಆತನು ಕೊಲ್ಲಾಪುರದ ರಾಜಾರಾಮ ಛತ್ರಪತಿ. ಮಹಾಲಕ್ಷ್ಮಿಯ ಸನ್ನಿಧಿಯೆಂದು ಕನ್ನಡಿಗರು ಇಂದಿಗೂ ಯಾತ್ರೆ ಹೋಗುವ ಕೊಲ್ಲಾಪುರವೇ ಅದು. 1866ರಲ್ಲಿ ಪಟ್ಟಕ್ಕೆ ಬಂದ ಈ ಅರಸನು 1870ರಲ್ಲಿ ಇಂಗ್ಲೆಂಡಿಗೆ ಹೋದನು. ಕಂಡುದನ್ನೆಲ್ಲ ಇಂಗ್ಲಿಷಿನಲ್ಲಿ ದಿನಚರಿಯಾಗಿ ಬರೆದಿಟ್ಟನು. ಹಿಂದಿರುಗುವ ದಾರಿಯಲ್ಲಿ ರೋಗಪೀಡಿತನಾಗಿ ಫ್ಲಾರೆನ್ಸಿನಲ್ಲಿ ತಂಗಿದನು. ನವೆಂಬರ್ 30ರಂದು ಅಲ್ಲಿಯೇ ತೀರಿಕೊಂಡನು. ವಯಸ್ಸು ಇಪ್ಪತ್ತು.

ಫ್ಲಾರೆನ್ಸ್ ಆಗ ಇಟಲಿಯ ರಾಜಧಾನಿಯಾಗಿತ್ತು. ಸೆಪ್ಟೆಂಬರಿನಲ್ಲಷ್ಟೇ ರೋಮ್ ನಗರವು ಇಟಲಿಯ ವಶವಾಗಿತ್ತು. ರಾಜಧಾನಿಯು ಅಲ್ಲಿಗೆ ಹೋಗಬೇಕಾಗಿದ್ದಿತು. ಇಂಥ ಸಮಯದಲ್ಲಿ ಪರದೇಶದ ಪರಿವಾರವೊಂದು ತಮ್ಮ ದೊರೆಯನ್ನು ಅಗ್ನಿಗೆ ಅರ್ಪಿಸಬೇಕೆಂದು ಕೇಳಿಕೊಂಡಿತು. ಕ್ರೈಸ್ತರ ನಾಡಿನಲ್ಲಿ ಹೆಣವನ್ನು ಹೂಳುವುದೇ ಪದ್ಧತಿ. ಮಿಲಾನಿನಲ್ಲಿ ದಹನಗೃಹದ ಮೊದಲ ಶವದಹನ ನಡೆದುದು 1876ರಲ್ಲಿ. ಎಂದರೆ ಇದಾಗಿ ಐದು ವರ್ಷಗಳಿಗೂ ಮೇಲೆ. ಆದರೂ ಅಧಿಕಾರಿಗಳು ವಿಶೇಷವಾಗಿ ಅನುಮತಿಯಿತ್ತರು. ನೀರೆರಡು ಕೂಡುವ ಸ್ಥಳವು ದೊರೆಯಿತು. ನಮ್ಮವರ ಪಾಲಿಗೆ ಸಂಗಮವು ಸಂಗಮವೇ, ಅದು ಕೃಷ್ಣೆಯದಾದರೇನು, ಆರ್ನೋವಿನದಾದರೇನು! ರಾತ್ರಿಯ ವೇಳೆ, ತಮಗೆ ಅಪರಿಚಿತವಾದ ವಿಧಿಯೊಂದು ಆ ದಡದಲ್ಲಿ ನಡೆಯಲು ನಗರವು ಎಡೆಗೊಟ್ಟಿತು. ಫ್ಲಾರೆನ್ಸಿನ ಸಂಸ್ಕೃತಿಯನ್ನು ಹೊಗಳುವವರು ಚಿತ್ರಶಾಲೆಗಳ ಜೊತೆಗೆ ಇದನ್ನೂ ಎಣಿಸಬೇಕೆಂದು ನನಗೆ ತೋರುತ್ತದೆ.

ಛತ್ರಿಯು ಸಿದ್ಧವಾದುದು 1874ರಲ್ಲಿ. ಅದನ್ನು ರೂಪಿಸಿದವನು ಚಾರ್ಲ್ಸ್ ಮ್ಯಾಂಟ್ ಎಂಬ ಇಂಗ್ಲಿಷ್ ಶಿಲ್ಪಿ. ಬರೋಡೆಯ ಲಕ್ಷ್ಮೀವಿಲಾಸ ಅರಮನೆಯ ನಕ್ಷೆಯೂ ಅವನದೇ. ಪ್ರತಿಮೆಯನ್ನು ಕಡೆದವನು ಫುಲ್ಲರ್. ಮುಖದಲ್ಲಿ ಕೊಂಚ ಗೊಂಬೆಯ ಕಳೆಯಿದೆ ಎಂದು ರಸಿಕರು ಆಕ್ಷೇಪಿಸಬಹುದು. ಬಣ್ಣ ಬಳಿದ ಅಮೃತಶಿಲೆಗೆ ಆ ದೋಷವು ತಪ್ಪದು. ದಿನಚರಿಯು 1872ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬರೆದವನು ಅದನ್ನು ಕಾಣಲಿಲ್ಲ.

ಊರಿನ ಜನ ಆ ಸ್ಥಳವನ್ನು ‘ಇಂಡಿಯಾನೋ’, ಎಂದರೆ ಭಾರತೀಯ, ಎಂದು ಕರೆಯುತ್ತಾರೆ. 1978ರಲ್ಲಿ ಅದರ ಸಮೀಪದಲ್ಲಿಯೇ ನದಿಗೆ ದೊಡ್ಡ ಸೇತುವೆಯೊಂದು ತೆರೆಯಿತು. ಅದಕ್ಕೂ ಅದೇ ಹೆಸರು ನಿಂತಿದೆ.