ಕೆಸರಿನಡಿಯಲ್ಲಿ ಲಕ್ಯಾ ಹೊಳೆ

ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಸ್ಮರಿಸುವ ಈ ಶುಭ ಸಂದರ್ಭದಲ್ಲಿ, ನಮ್ಮ ಸೀಮೆಗೆ ನೀರುಣಿಸುವ ಭದ್ರೆಯ ಚರಿತ್ರೆಯನ್ನೂ ಕಿಂಚಿತ್ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಗಣಿಗಾರಿಕೆ ನಮ್ಮವರಿಗೆ ಹೊಸತಲ್ಲ. ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ದೀರ್ಘಕಾಲ ಪೋಷಿಸಿತು. ಆದರೆ ಹೊಳೆಯೊಂದರ ಗತಿಯನ್ನೇ ಬದಲಿಸಿದ್ದು ಇದೇ ಜಿಲ್ಲೆಯ ಕುದುರೆಮುಖದ ಗಣಿ. ಗಂಗಾಮೂಲದಲ್ಲಿ ಹುಟ್ಟಿ ಬರುವ ಭದ್ರೆಯನ್ನು ಅಲ್ಲಿ ಕೂಡಿಕೊಳ್ಳುವ ಕಿರುತೊರೆಯೇ ಲಕ್ಯಾ.

ಇರಾನ್ ದೇಶದ ಉಕ್ಕಿನ ಉದ್ಯಮಕ್ಕೆ ಅದಿರು ಒದಗಿಸುವ ಒಪ್ಪಂದದ ಮೇರೆಗೆ, 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪಿತವಾಯಿತು. ಅಲ್ಲಿಯ ಕಲ್ಲಿನಲ್ಲಿ ಕಬ್ಬಿಣದ ಅಂಶ ನೂರಕ್ಕೆ ಸುಮಾರು 38 ಮಾತ್ರ. ಆದುದರಿಂದ ಅದನ್ನು ಹಿಟ್ಟಿನಂತೆ ಅರೆದು, ಆಯಸ್ಕಾಂತದಿಂದ ಕಬ್ಬಿಣವನ್ನು ಬೇರ್ಪಡಿಸಿ, ನೀರಿನೊಡನೆ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ಉಳಿದ ಕೆಸರಿಗಾಗಿ ಲಕ್ಯಾ ಕಣಿವೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಕಬ್ಬಿಣ ಕಡಲು ದಾಟಿತು. ಕೆಸರು ಹೊಳೆಯ ಪಾತ್ರದಲ್ಲಿ ತಂಗಿತು. ಮಳೆಗಾಲದಲ್ಲಿ ಅಗೆದ ಗುಡ್ಡಗಳ ಮಣ್ಣು ಭದ್ರೆಗೂ ಇಳಿಯಿತು.

ಆ ಗಣಿಯಿಂದ ಅನೇಕ ಕುಟುಂಬಗಳಿಗೆ ಅನ್ನ ದೊರೆಯಿತೆಂಬುದನ್ನು ಮರೆಯುವುದು ನ್ಯಾಯವಲ್ಲ. ಗಣಿ ನಿಂತಾಗ ಕೆಲಸ ಕಳೆದುಕೊಂಡವರ ಸಂಕಟವೂ ಸತ್ಯವೇ. ಆದರೆ 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಆ ಕಾಡಿನ ಹಿತವನ್ನು ಎಣಿಸಿ, ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನೀಡಿದ ತೀರ್ಪಿನಂತೆ, 2005ರ ಅಂತ್ಯಕ್ಕೆ ಗಣಿಗಾರಿಕೆ ಮುಕ್ತಾಯವಾಯಿತು.

ಗಣಿಯನ್ನು ಆಜ್ಞೆಯಿಂದ ನಿಲ್ಲಿಸಬಹುದು. ಕಣಿವೆಯಲ್ಲಿ ತುಂಬಿದ ಕೆಸರನ್ನು ಆಜ್ಞೆಯಿಂದ ಕರಗಿಸಲಾಗದು. ಆ ಅಣೆಕಟ್ಟನ್ನು ಇನ್ನು ಎಷ್ಟು ತಲೆಮಾರುಗಳಾದರೂ ಕಾಯಬೇಕು. ಏಕೆಂದರೆ ಅದರ ಕೆಳಗೆ ಹರಿಯುವ ಭದ್ರೆಯೇ ಲಕ್ಕವಳ್ಳಿಯ ಜಲಾಶಯವನ್ನು ತುಂಬಿ ತರೀಕೆರೆಯ ಗದ್ದೆಗಳಿಗೆ ಹರಿಯುತ್ತಾಳೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ನೆಲದಡಿಯಿಂದ ಚಿತ್ರದುರ್ಗದತ್ತ ಒಯ್ಯುವುದೂ ಆಕೆಯ ನೀರನ್ನೇ. ಏದೆನ್ ತೋಟದಲ್ಲಿ ದೇವರು ಮಾನವನಿಗೆ ವ್ಯವಸಾಯದ ಜೊತೆಗೆ ಕಾಯುವ ಹೊಣೆಯನ್ನೂ ಒಪ್ಪಿಸಿದರೆಂಬುದನ್ನು ನಾವು ಬಲ್ಲೆವು. ಮುಂದಿನ ನೂರು ವರ್ಷಗಳಿಗೆ ದೇವಾಲಯವನ್ನು ಒಪ್ಪಿಸಿಕೊಡುವ ನಾವು, ನೀರನ್ನೂ ತಿಳಿಯಾಗಿಯೇ ಒಪ್ಪಿಸಬೇಕಲ್ಲವೇ?