ಶ್ರುತಿ ತಿಳಿಯದ ಕಿವಿ

1939ರ ಆಗಸ್ಟ್ ಮೊದಲ ವಾರ, ಮಹಾಯುದ್ಧಕ್ಕೆ ಸುಮಾರು ಒಂದು ತಿಂಗಳ ಮುಂಚೆ, ಜರ್ಮನಿಯ 'ಗ್ರಾಫ್ ಜೆಪ್ಪೆಲಿನ್' ವಾಯುನೌಕೆ ಇಂಗ್ಲೆಂಡಿನ ಪೂರ್ವ ತೀರದುದ್ದಕ್ಕೂ ತೇಲುತ್ತ ಸಾಗಿತು. ಒಳಗಿದ್ದವರು ಪ್ರವಾಸಿಗರಲ್ಲ, ರೇಡಿಯೋ ತಜ್ಞರು. ತೀರದಲ್ಲಿ ಎದ್ದುನಿಂತಿದ್ದ 360 ಅಡಿ ಎತ್ತರದ ಉಕ್ಕಿನ ಗೋಪುರಗಳು ಏತಕ್ಕೆಂದು ತಿಳಿಯಲು ವಾಯುಪಡೆಯ ಸಂಪರ್ಕ ವಿಭಾಗದ ಮುಖ್ಯಸ್ಥ ಮಾರ್ಟಿನಿ ಅವರನ್ನು ಕಳುಹಿಸಿದ್ದ. ಮೇ ತಿಂಗಳಲ್ಲಿ ಒಮ್ಮೆ ಬಂದು ಬರಿಗೈಯಲ್ಲಿ ಮರಳಿದ್ದಾಗಿತ್ತು. ಈ ಸಲವೂ ಅದೇ ಫಲ.

ಗೋಪುರಗಳೇನೋ ರಾಡಾರಿನವೇ. ಆದರೂ ಅವರಿಗೇಕೆ ಗೊತ್ತಾಗಲಿಲ್ಲ? ಕಾರಣಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ನನಗೆ ಮುಖ್ಯವೆಂದು ತೋರುವುದು ಇದು: ಜರ್ಮನರ ಸ್ವಂತ ರಾಡಾರ್ 'ಫ್ರೇಯಾ' ಸುಮಾರು 2.4 ಮೀಟರಿನ ಅಲೆಗಳಲ್ಲಿ ಕೆಲಸ ಮಾಡುತ್ತಿತ್ತು. ಬ್ರಿಟಿಷರ 'ಚೈನ್ ಹೋಮ್' ಬಳಸಿದ್ದು 10ರಿಂದ 13 ಮೀಟರಿನ ಅಲೆಗಳನ್ನು. ಅಷ್ಟುದ್ದದ ಅಲೆಯಲ್ಲಿ ರಾಡಾರ್ ನಡೆಸುವವರುಂಟೆ ಎಂದು ಜರ್ಮನರ ಎಣಿಕೆ. ತಮ್ಮ ಶ್ರುತಿಯಲ್ಲೇ ನೆರೆಯವನೂ ಹಾಡಬೇಕೆಂಬ ಈ ಹಟ ಪಂಡಿತರಲ್ಲೂ ಅಪರೂಪವಲ್ಲ! ಮರುವರ್ಷದ ಬೇಸಗೆಯಲ್ಲಿ, ಆ ಗೋಪುರಗಳ ಮುನ್ಸೂಚನೆಯಿಂದಲೇ ಬ್ರಿಟಿಷ್ ವಿಮಾನಗಳು ಸಕಾಲಕ್ಕೆ ಮೇಲೇರಿ ಜರ್ಮನರನ್ನು ಎದುರಿಸಿದವು.

ಕದ್ದು ಕೇಳುವವನ ಈ ಸಂಕಟ ಇಂದಿಗೂ ತೀರಿಲ್ಲ. ಈಗಿನ ರಾಡಾರು ಕಣ್ಣು ಮಿಟುಕಿಸುವುದರೊಳಗೆ ಹಲವು ಬಾರಿ ಶ್ರುತಿ ಬದಲಿಸುತ್ತದೆ. ಒಂದು ಪಟ್ಟಿಯನ್ನು ಹುಡುಕುತ್ತಿರುವಾಗ ಮಾತು ಇನ್ನೊಂದರಲ್ಲಿ ಮುಗಿದುಹೋಗಿರುತ್ತದೆ. ಎಲ್ಲ ಶ್ರುತಿಗಳನ್ನೂ ಏಕಕಾಲಕ್ಕೆ ಕೇಳಬಲ್ಲ ಕಿವಿ ಬೇಕು. ಅದಕ್ಕೆ ವಿಜ್ಞಾನಿಗಳು ಮೊರೆಹೊಕ್ಕಿರುವುದು ಬೆಳಕನ್ನು.

ಆಂಟೆನಾ ಹಿಡಿದ ಅಲೆಯ ವಿದ್ಯುತ್ತನ್ನು ಲಿಥಿಯಂ ನಿಯೋಬೇಟ್ ಎಂಬ ಹರಳಿಗೆ ಕೊಡುತ್ತಾರೆ. ಹರಳಿನೊಳಗೆ ಲೇಸರ್ ಕಿರಣ ಹಾಯುತ್ತಿರುತ್ತದೆ. ವಿದ್ಯುತ್ತು ಏರಿಳಿದಂತೆ ಅಲ್ಲಿ ಬೆಳಕಿನ ನಡೆಯೂ ತುಸು ಬದಲಾಗಿ, ಅಲೆಯ ಅಚ್ಚು ಬೆಳಕಿನ ಮೇಲೆ ಬೀಳುತ್ತದೆ. ಆ ಬೆಳಕು ಸೆಕೆಂಡಿಗೆ ಸುಮಾರು 193 ಲಕ್ಷ ಕೋಟಿ ಸಲ ಕಂಪಿಸುವಂಥದು. ರಾಡಾರುಗಳು ಬಳಸುವ, 4000 ಕೋಟಿ ಕಂಪನಗಳವರೆಗಿನ ಹರವೆಲ್ಲ ಅದರೆದುರು ಒಂದು ಕಾಲುವೆ. ಪಟ್ಟಕದಲ್ಲಿ ಬಣ್ಣಗಳು ಬೇರೆಯಾಗುವಂತೆ ಇಲ್ಲಿ ಒಂದೊಂದು ಶ್ರುತಿಯನ್ನೂ ಅದರದರ ಜಾಗಕ್ಕೆ ಬೀಳಿಸಬಹುದು. ಗಾಜಿನ ಎಳೆಯಲ್ಲಿ ಒಂದು ಕಿಲೋಮೀಟರು ಸಾಗಿದರೂ ಬೆಳಕು ಕಳೆದುಕೊಳ್ಳುವುದು ನೂರಕ್ಕೆ ಐದರಷ್ಟೂ ಇಲ್ಲ. ಆಂಟೆನಾ ಗುಡ್ಡದ ಮೇಲಿದ್ದು ಕೇಳುವಾತ ಬುಡದಲ್ಲಿ ಕುಳಿತಿರಬಹುದು. 2014ರಲ್ಲಿ ಇಟಲಿಯ ಪೀಸಾದ ಸಂಶೋಧಕರು ಒಂದೇ ಲೇಸರಿನಿಂದ ಅಲೆಗಳನ್ನು ಹುಟ್ಟಿಸಿ, ಮರಳಿದವನ್ನು ಓದಿಯೂ ತೋರಿಸಿದರು.

ತೊಡಕಿಲ್ಲವೆಂದಲ್ಲ. ವಿದ್ಯುತ್ತು ಬೆಳಕಾಗಿ, ಬೆಳಕು ಮತ್ತೆ ವಿದ್ಯುತ್ತಾಗುವ ವೇಷಾಂತರದಲ್ಲಿ ಶಕ್ತಿ ಸೋರುತ್ತದೆ. ದೂರದಿಂದ ಬಂದ ಪಿಸುಮಾತು ಲೇಸರಿನ ಸ್ವಂತ ಗದ್ದಲದಲ್ಲೇ ಮುಳುಗಿಬಿಡುವುದುಂಟು.